ಹಳೆ ಟ್ರ್ಯಾಕ್ಟರ್‌ನ ಪಿಟಿಒ ಮತ್ತು ಕ್ಲಚ್: ರೊಟಾವೇಟರ್ ಕೊಳ್ಳುವ ಮೊದಲು ನೋಡಬೇಕಾದದ್ದು

ಪುಣೆಯಲ್ಲಿ ನೌಕರಿ, ದೌಂಡ್ ಅಥವಾ ಶಿರೂರು ಕಡೆ ನಾಲ್ಕಾರು ಎಕರೆ ಜಮೀನು. ಇಂಥ ನಮ್ಮವರು ಪದೇಪದೇ ಕೇಳುವ ಪ್ರಶ್ನೆ ಒಂದಿದೆ: “ಹಳೆ ಟ್ರ್ಯಾಕ್ಟರ್ ಸಿಕ್ಕಿದೆ, ಇದಕ್ಕೆ ರೊಟಾವೇಟರ್ ನಡೆಯುತ್ತದಾ? ಮಿಸ್ತ್ರಿ ಡಬಲ್ ಕ್ಲಚ್ ಹಾಕಿಸಿ ಅಂತಾನೆ, ಹಾಕಿಸಲಾ?” ಹಾಕಿಸುವ ಮಾತು ಆಮೇಲೆ. ನಿಮ್ಮ ಗಾಡಿಯಲ್ಲಿ ಈಗ ಇರುವುದು ಯಾವ ಬಗೆ ಅನ್ನುವುದು ಮೊದಲು ಗೊತ್ತಾಗಲಿ. ಬಹಳಷ್ಟು ಸಲ ಒಂದು ಕಪ್ಲರ್, ಸರಿಯಾದ ಅಳತೆಯ ಶಾಫ್ಟ್ ಮತ್ತು ಓಡಿಸುವ ರೂಢಿಯಲ್ಲಿ ಸಣ್ಣ ಬದಲಾವಣೆ ಮಾಡಿಕೊಂಡರೆ ಕೆಲಸ ಮುಗಿಯುತ್ತದೆ.

ಪಿಟಿಒ (ಪವರ್ ಟೇಕ್-ಆಫ್) ಅಂದರೆ ಟ್ರ್ಯಾಕ್ಟರ್‌ನ ಹಿಂಭಾಗದಲ್ಲಿ ಹೊರಚಾಚಿರುವ ಹಲ್ಲಿನ ದಂಡ. ಎಂಜಿನ್ನಿನ ಶಕ್ತಿ ಇದರ ಮೂಲಕ ರೊಟಾವೇಟರ್, ರಾಶಿ ಯಂತ್ರ, ಕಡಬಾ ಕುಟ್ಟಿಗೆ (ನಮ್ಮ ಕಣಿಕಿ ಕತ್ತರಿಸುವ ಯಂತ್ರ) ಹೋಗುತ್ತದೆ. ಹಳೆ ಗಾಡಿಗಳಲ್ಲಿ ಇದು ಮೂರು ಬಗೆ.

ಗಿಯರ್‌ಬಾಕ್ಸ್ ಪಿಟಿಒದಲ್ಲಿ ಕ್ಲಚ್ ಪ್ಲೇಟ್ ಒಂದೇ. ಪೆಡಲ್ ಒತ್ತಿದರೆ ಗಾಲಿಯೂ ನಿಲ್ಲುತ್ತದೆ, ಪಿಟಿಒ ಕೂಡ ನಿಲ್ಲುತ್ತದೆ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ತಯಾರಾದ ಫರ್ಗ್ಯೂಸನ್ ಟಿಇ-20 ಮತ್ತು ಅಮೆರಿಕದ ಫೋರ್ಡ್ 8ಎನ್ ಈ ಬಗೆಯವು. ಲೈವ್ ಪಿಟಿಒದಲ್ಲಿ ಎರಡು ಪ್ಲೇಟ್, ಪೆಡಲ್ ಒಂದೇ, ಆದರೆ ಎರಡು ಹಂತ. ಅರ್ಧ ಒತ್ತಿದರೆ ಗಾಲಿ ನಿಲ್ಲುತ್ತದೆ, ಪೂರ್ತಿ ಒತ್ತಿದರೆ ಪಿಟಿಒ ನಿಲ್ಲುತ್ತದೆ. ಬಜಾರಿನಲ್ಲಿ ‘ಡಬಲ್ ಕ್ಲಚ್’ ಅನ್ನುವುದು ಇದಕ್ಕೇ. ಮೂರನೆಯದು ಸ್ವತಂತ್ರ ಪಿಟಿಒ. ಇದಕ್ಕೆ ತನ್ನದೇ ಲಿವರ್ ಮತ್ತು ಬೇರೆ ಕ್ಲಚ್ ಇರುತ್ತದೆ, ಕಾಲಿನ ಪೆಡಲ್ಲಿಗೂ ಇದಕ್ಕೂ ಸಂಬಂಧವಿಲ್ಲ.

ಮಾದರಿಯ ಹೆಸರು ಕೇಳಿ ಬಗೆ ಹೇಳಲಾಗದು. ಮ್ಯಾಸಿ 35 ಸಿಂಗಲ್ ಕ್ಲಚ್‌ನಲ್ಲೂ ಬಂದಿದೆ, ಡಬಲ್‌ನಲ್ಲೂ ಬಂದಿದೆ. ಫೋರ್ಡ್ 3000 ಮೂರೂ ಬಗೆಯಲ್ಲಿ ಬಂದಿದೆ. ಅದರ ಮೇಲೆ, ಮೂವತ್ತು ನಲವತ್ತು ವರ್ಷ ಓಡಿದ ಗಾಡಿಯಲ್ಲಿ ಯಾವ ಗ್ಯಾರೇಜಿನವರು ಯಾವ ಗಾಡಿಯ ಗಿಯರ್‌ಬಾಕ್ಸ್ ತಂದು ಕೂರಿಸಿದ್ದಾರೋ ಯಾರಿಗೆ ಗೊತ್ತು. “ಡಬಲ್ ಕ್ಲಚ್ ಆಹೆ, ಸಾಹೇಬ್” ಅನ್ನುವ ಮಾತು ಕೇಳಿಸಿಕೊಳ್ಳಿ, ಆಮೇಲೆ ನೀವೇ ಪರೀಕ್ಷೆ ಮಾಡಿ.

ಹಂತ 1: ಯಾವ ಬಗೆ ಎಂದು ಪತ್ತೆ ಮಾಡಿ

ಬೇಕಾದದ್ದು ಸಮತಟ್ಟಾದ ಜಾಗ, ಒಂದು ಸೀಮೆಸುಣ್ಣ, ಇನ್ನೊಬ್ಬ ಮನುಷ್ಯ. ಹಿಂದೆ ಯಾವ ಉಪಕರಣವೂ ಇರಬಾರದು. ಎಂಜಿನ್ ಬಂದ್ ಇರುವಾಗಲೇ ಪಿಟಿಒ ದಂಡದ ತುದಿಗೆ ಸುಣ್ಣದಿಂದ ಒಂದು ಗೆರೆ ಎಳೆಯಿರಿ. ಜೊತೆಗಾರ ದಂಡದ ಹಿಂದೆ ನಿಲ್ಲಬಾರದು, ಪಕ್ಕದಲ್ಲಿ ಮೂರು ಮೀಟರ್ ದೂರ ನಡೆಯಲಿ. ಧೋತರ, ಪಂಚೆ, ದುಪಟ್ಟಾ, ಕೊರಳಿನ ಟವೆಲ್ ಇದ್ದವರನ್ನು ಈ ಕೆಲಸಕ್ಕೆ ಕರೆಯಲೇಬೇಡಿ.

ಎಂಜಿನ್ ನಿಧಾನಗತಿಯಲ್ಲಿರಲಿ. ಕ್ಲಚ್ ಪೂರ್ತಿ ಒತ್ತಿ ಪಿಟಿಒ ಲಿವರ್ ಹಾಕಿ, ಮೊದಲ ಗಿಯರ್ ಹಾಕಿ, ಗಾಡಿ ನಿಧಾನವಾಗಿ ಹೊರಡಲಿ. ಈಗ ಪೆಡಲ್ಲನ್ನು ಬಹಳ ನಿಧಾನವಾಗಿ ಒತ್ತುತ್ತ ಹೋಗಿ. ಗಾಲಿ ಮತ್ತು ಸುಣ್ಣದ ಗೆರೆ ಒಟ್ಟಿಗೇ ನಿಂತರೆ ಸಿಂಗಲ್. ಗಾಲಿ ನಿಂತು ಗೆರೆ ತಿರುಗುತ್ತಲೇ ಇದ್ದು, ಪೆಡಲ್ ಇನ್ನೂ ಕೆಳಗೆ ಹೋದಾಗ ಅದೂ ನಿಂತರೆ ಡಬಲ್. ಪೆಡಲ್ ತಳಕ್ಕೆ ಮುಟ್ಟಿದರೂ ಗೆರೆ ನಿಲ್ಲದಿದ್ದರೆ ಎರಡು ಸಾಧ್ಯತೆ: ಒಂದೋ ಅದು ಸ್ವತಂತ್ರ ಪಿಟಿಒ, ಇಲ್ಲವೇ ಡಬಲ್ ಕ್ಲಚ್‌ನ ಎರಡನೇ ಹಂತದ ಹೊಂದಾಣಿಕೆ ತಪ್ಪಿದೆ ಅಥವಾ ಪ್ಲೇಟ್ ಅಂಟಿಕೊಂಡಿದೆ. ಪ್ರತ್ಯೇಕ ಲಿವರ್‌ನಿಂದ ಗಾಡಿ ಓಡುತ್ತಿರುವಾಗಲೇ ಪಿಟಿಒ ಸದ್ದಿಲ್ಲದೆ ಬಂದ್ ಆಗಿ ಮತ್ತೆ ಚಾಲೂ ಆದರೆ ಮಾತ್ರ ಸ್ವತಂತ್ರ ಅನ್ನಿ.

ಗಾಡಿ ನ್ಯೂಟ್ರಲ್‌ನಲ್ಲಿಟ್ಟು ಈ ಪರೀಕ್ಷೆ ಮಾಡಬೇಡಿ. ಪೆಡಲ್ಲಿನ ಆಟ, ಅಂದರೆ ಖಾಲಿ ಚಲನೆ, ಹೆಚ್ಚಾಗಿದ್ದರೆ ಸಿಂಗಲ್ ಕ್ಲಚ್ಚೂ ಅರ್ಧ ಒತ್ತಿದಾಗ ಪಿಟಿಒ ತಿರುಗಿಸುತ್ತಲೇ ಇರುತ್ತದೆ. ಅದನ್ನು ನೋಡಿ ಡಬಲ್ ಅಂದುಕೊಂಡು ದುಡ್ಡು ಕೊಟ್ಟವರಿದ್ದಾರೆ.

ಫರ್ಗ್ಯೂಸನ್ ಮತ್ತು ಮ್ಯಾಸಿ ವಂಶದ ಗಾಡಿಗಳಲ್ಲಿ ಇನ್ನೆರಡು ಗೊಂದಲಗಳು ಕಾದಿರುತ್ತವೆ. ಮ್ಯಾಸಿ 35ರಂಥ ಗಾಡಿಯಲ್ಲಿ ಪಿಟಿಒ ಲಿವರ್‌ಗೆ ಮೂರು ಸ್ಥಾನ: ಎಂಜಿನ್ ವೇಗ, ನ್ಯೂಟ್ರಲ್, ನೆಲದ ವೇಗ. ನೆಲದ ವೇಗದಲ್ಲಿಟ್ಟರೆ ದಂಡ ಗಾಲಿಯ ಜೊತೆಗೇ ತಿರುಗುತ್ತದೆ. ಗಾಡಿ ನಿಂತಾಗ ದಂಡವೂ ನಿಲ್ಲುತ್ತದೆ, ರಿವರ್ಸ್ ಹೊಡೆದರೆ ಉಲ್ಟಾ ತಿರುಗುತ್ತದೆ. ಇದು ಗೊತ್ತಿಲ್ಲದೆ “ಪಿಟಿಒ ಸತ್ತಿದೆ” ಅಂತ ಹಿಂದಿನ ಕವರ್ ಬಿಚ್ಚಿಸಿಬಿಡುತ್ತಾರೆ. ಎರಡನೆಯದು ಹೈಡ್ರಾಲಿಕ್ ಪಂಪ್. ಟಿಇ-20ರಲ್ಲಿ ಪಂಪ್ ಓಡುವುದೇ ಪಿಟಿಒ ಶಾಫ್ಟ್‌ನಿಂದ. ಪಿಟಿಒ ಲಿವರ್ ಬಂದ್ ಇದ್ದರೆ ಲಿಫ್ಟ್ ಏಳುವುದಿಲ್ಲ, ಕ್ಲಚ್ ಒತ್ತಿ ಹಿಡಿದಾಗಲೂ ಏಳುವುದಿಲ್ಲ. ಡಬಲ್ ಕ್ಲಚ್‌ನ ಮ್ಯಾಸಿ 35ರಲ್ಲಿ ಪೆಡಲ್ ಪೂರ್ತಿ ಒತ್ತಿದಾಗ ಪಂಪೂ ನಿಲ್ಲುತ್ತದೆ. ಪಂಪ್ ಹೋಯಿತು ಅನ್ನುವ ಮೊದಲು ಲಿವರ್ ಎಲ್ಲಿದೆ ನೋಡಿ.

ಹಂತ 2: ದಂಡದ ಅಳತೆ ತೆಗೆಯಿರಿ

ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು. ಹಲ್ಲು ಎಣಿಸಿ, ಹೊರ ವ್ಯಾಸ ಅಳೆಯಿರಿ. 6 ಹಲ್ಲು, ಸುಮಾರು 35 ಮಿಮೀ (1⅜ ಇಂಚು) ಇದ್ದರೆ ಅದು ಈಗಲೂ ನಡೆಯುತ್ತಿರುವ ಮಾನಕ. ದಂಡ ನಿಮಿಷಕ್ಕೆ 540 ಸುತ್ತು ತಿರುಗಬೇಕು. 6 ಹಲ್ಲು, ಸುಮಾರು 28.6 ಮಿಮೀ (1⅛ ಇಂಚು) ಇದ್ದರೆ ಅದು ಟಿಇ-20 ಮತ್ತು ಹಳೆ ಫೋರ್ಡ್ ಎನ್ ಸರಣಿಯದು, ಇಂದಿನ ರೊಟಾವೇಟರ್ ಶಾಫ್ಟ್ ನೇರವಾಗಿ ಕೂರುವುದಿಲ್ಲ. 35 ಮಿಮೀ ದಪ್ಪವಿದ್ದು 21 ಹಲ್ಲಿದ್ದರೆ ಅದು 1000 ಸುತ್ತಿನದು.

ಸಣ್ಣ ದಂಡಕ್ಕೆ ಎರಡು ಪರಿಹಾರ. ಮೊದಲನೆಯದು 35 ಮಿಮೀ ತುದಿಯಿರುವ ಬದಲಿ ಪಿಟಿಒ ಶಾಫ್ಟ್. ನನ್ನ ಮತ ಇದಕ್ಕೇ. ಎರಡನೆಯದು ಮೇಲೆ ತೊಡಿಸುವ ಅಡಾಪ್ಟರ್ ತೋಳು. ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಹಲ್ಲು ಕೊರೆದುಕೊಡುವ ಶಾಪ್‌ಗಳಿಗೆ ಕೊರತೆಯಿಲ್ಲ, ಅರ್ಧ ಕೆಲಸಗಾರರು ನಮ್ಮ ಕಡೆಯವರೇ. ಆದರೆ ತೋಳನ್ನು ಅಡ್ಡ ಪಿನ್ ಹೊಡೆದು ಕೂರಿಸಬೇಕು. ವೆಲ್ಡಿಂಗ್ ಮಾಡಿಸಬೇಡಿ. ಹದ ಮಾಡಿದ ಹಲ್ಲಿನ ಪಕ್ಕ ವೆಲ್ಡಿಂಗ್ ಬಿದ್ದರೆ ಆ ಉಕ್ಕು ಪೆಡಸಾಗಿ ಅಲ್ಲೇ ಬಿರುಕು ಬಿಡುತ್ತದೆ, ತೋಳು ಒಂದು ಕೂದಲೆಳೆ ಓರೆಯಾದರೂ ಹಿಂದಿನ ಆಯಿಲ್ ಸೀಲ್ ಒಂದು ಹಂಗಾಮಿನಲ್ಲಿ ಹೋಗುತ್ತದೆ.

540 ಸುತ್ತು ಎಂಜಿನ್ನಿನ ಯಾವ ವೇಗಕ್ಕೆ ಸಿಗುತ್ತದೆ ಎಂಬುದು ಮಾದರಿಯ ಮೇಲೆ ಹೋಗುತ್ತದೆ. ಡ್ಯಾಶ್‌ಬೋರ್ಡಿನ ಮೀಟರ್‌ನಲ್ಲಿ ಪಿಟಿಒ ಗುರುತು ಇರಬಹುದು, ಆದರೆ ಹಳೆ ಮೀಟರ್ ನಂಬುವುದು ಕಷ್ಟ. ದಂಡಕ್ಕೆ ಹೊಳೆಯುವ ಟೇಪಿನ ತುಣುಕು ಅಂಟಿಸಿ, ಬೆಳಕು ಬಿಟ್ಟು ಓದುವ ಡಿಜಿಟಲ್ ಟ್ಯಾಕೋಮೀಟರ್‌ನಿಂದ ದೂರದಿಂದಲೇ ಅಳೆಯಿರಿ. 540 ಬಂದಾಗ ಆಕ್ಸಿಲರೇಟರ್ ಲಿವರ್ ಎಲ್ಲಿದೆಯೋ ಅಲ್ಲಿ ಬಣ್ಣದ ಗುರುತು ಹಾಕಿಡಿ.

ಹಂತ 3: ಇರುವುದೇ ಸಾಕೋ, ಬದಲಿಸಬೇಕೋ?

ಸಿಂಗಲ್ ಕ್ಲಚ್ ಇದ್ದರೆ ತೊಂದರೆ ಎರಡು. ಒಂದು, ಸಾಲಿನ ಮಧ್ಯೆ ನಿಲ್ಲಿಸಲು ಕ್ಲಚ್ ಒತ್ತಿದರೆ ರೊಟಾವೇಟರ್ ಕೂಡ ಮಣ್ಣಿನಲ್ಲಿ ಹೂತು ನಿಲ್ಲುತ್ತದೆ. ಬಿಟ್ಟಾಗ ಗಾಡಿ ಮತ್ತು ಬ್ಲೇಡು ಎರಡರ ಭಾರವೂ ಒಂದೇ ಪ್ಲೇಟಿನ ಮೇಲೆ ಬೀಳುತ್ತದೆ. ಎರಡನೆಯದು ಪ್ರಾಣಕ್ಕೇ ಅಪಾಯ. ಹುಲ್ಲು ಕತ್ತರಿಸುವ ಸ್ಲ್ಯಾಶರ್‌ನಂಥ ಭಾರದ ಬ್ಲೇಡು ವೇಗ ಹಿಡಿದಾಗ ಅದೇ ಫ್ಲೈವ್ಹೀಲ್ (ಓಟ ಹಿಡಿದಿಟ್ಟುಕೊಳ್ಳುವ ಎಂಜಿನ್ನಿನ ಭಾರದ ಚಕ್ರ) ಇದ್ದಂತೆ. ನೀವು ಕ್ಲಚ್ ಒತ್ತಿ ಎಂಜಿನ್ ಬೇರ್ಪಡಿಸಿದರೂ ಆ ಬ್ಲೇಡಿನ ಓಟ ಪಿಟಿಒ ಮೂಲಕ ಗಿಯರ್‌ಬಾಕ್ಸಿಗೆ, ಅಲ್ಲಿಂದ ಗಾಲಿಗೆ ಬಂದು ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಬಾವಿಯ ಅಂಚಿಗೋ ಬದುವಿಗೋ ಬಂದಾಗ ಗಾಡಿ ನಿಲ್ಲುವುದಿಲ್ಲ.

ಇದಕ್ಕೆ ಮದ್ದು ಓವರ್‌ರನ್ನಿಂಗ್ ಕಪ್ಲರ್. ಸೈಕಲ್ಲಿನ ಹಿಂದಿನ ಫ್ರೀವ್ಹೀಲ್ ಇದ್ದ ಹಾಗೆ: ಟ್ರ್ಯಾಕ್ಟರ್ ಯಂತ್ರವನ್ನು ತಿರುಗಿಸಬಹುದು, ಯಂತ್ರ ಟ್ರ್ಯಾಕ್ಟರನ್ನು ತಿರುಗಿಸಲಾರದು. ಸಿಂಗಲ್ ಕ್ಲಚ್ ಗಾಡಿಗೆ ಸ್ಲ್ಯಾಶರ್ ಹಾಕುವವರಿಗೆ ಇದು ಬೇಕೇಬೇಕು. ರೊಟಾವೇಟರ್‌ಗೆ ಮಣ್ಣೇ ಬ್ರೇಕ್, ಆದರೂ ತಿರುವಿನಲ್ಲಿ ಎತ್ತಿದಾಗ ನೂಕುತ್ತದೆ, ಹಾಕಿಸಿ. ನಿಂತಲ್ಲೇ ಓಡಿಸುವ ರಾಶಿ ಯಂತ್ರ, ಕಡಬಾ ಕುಟ್ಟಿಗೆ ಗಾಡಿ ನ್ಯೂಟ್ರಲ್‌ನಲ್ಲಿರುವುದರಿಂದ ನೂಕುವ ಭಯವಿಲ್ಲ.

ಹಾಗಾದರೆ ಸಿಂಗಲ್ಲನ್ನು ಡಬಲ್ ಮಾಡಿಸುವುದು? ಕ್ಲಚ್ ಸೆಟ್ ಒಂದನ್ನೇ ಕೊಂಡು ತಂದರೆ ಆಗುವ ಕೆಲಸ ಇದಲ್ಲ. ಡಬಲ್ ಕ್ಲಚ್‌ಗೆ ಒಂದರೊಳಗೊಂದು ತೂರಿದ ಎರಡು ಇನ್‌ಪುಟ್ ಶಾಫ್ಟ್ ಬೇಕು: ಹೊರಗಿನದು ಟೊಳ್ಳು, ಒಳಗಿನದು ಗಟ್ಟಿ. ಗಿಯರ್‌ಬಾಕ್ಸಿನೊಳಗೆ ಪಿಟಿಒಗೆ ಬೇರೆ ಗಿಯರ್ ಜೋಡಿ, ಬೇರೆ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಕ್ಲಚ್ ಬಿಡಿಸುವ ಬೇರಿಂಗ್) ಮತ್ತು ಅದರ ಹಿಡಿ, ಹೆಚ್ಚು ಚಲನೆಯ ಪೆಡಲ್ ಲಿಂಕ್, ಹಲವು ಮಾದರಿಗಳಲ್ಲಿ ಫ್ಲೈವ್ಹೀಲ್ ಕೂಡ ಬೇರೆ. ಅಂದರೆ ದಾನಿ ಗಾಡಿಯ ಇಡೀ ಗಿಯರ್‌ಬಾಕ್ಸೇ ಬೇಕು. ನನ್ನ ಲೆಕ್ಕದಲ್ಲಿ ಆ ಹಣಕ್ಕೆ ಈ ಗಾಡಿ ಮಾರಿ, ಹಂತ 1ರ ಪರೀಕ್ಷೆ ಪಾಸಾದ ಡಬಲ್ ಕ್ಲಚ್ ಗಾಡಿ ಹುಡುಕುವುದು ಲೇಸು. ಟಿಇ-20 ಇಟ್ಟುಕೊಂಡವರಂತೂ ಅದಕ್ಕೆ ರೊಟಾವೇಟರ್ ಆಸೆಯನ್ನೇ ಬಿಡಿ. 540 ಸುತ್ತಿನಲ್ಲಿ ಅದರ ಮೊದಲ ಗಿಯರೇ ಗಂಟೆಗೆ ಸುಮಾರು 4 ಕಿಮೀ ಓಡುತ್ತದೆ, ಗಟ್ಟಿ ಕಪ್ಪು ನೆಲಕ್ಕೆ ಅದು ಜಾಸ್ತಿ. 35 ಎಚ್‌ಪಿ ಆಸುಪಾಸಿನ ಗಾಡಿಗೆ 4 ಅಡಿಯ ರೊಟಾವೇಟರ್ ಸಾಕು. 5 ಅಡಿಯದನ್ನು ಎಳೆಸಿದರೆ ಮೊದಲು ಕೂಗುವುದು ಕ್ಲಚ್.

ಹಂತ 4: ಕಪ್ಲರ್ ಹಾಕಿ ಶಾಫ್ಟ್ ಕತ್ತರಿಸುವುದು

ಹೆಚ್ಚಿನವರು ಎಡವುವುದು ಇಲ್ಲೇ. ಕಪ್ಲರ್ ಹಾಕಿದಾಗ ದಂಡ 10–15 ಸೆಂಮೀ ಹಿಂದಕ್ಕೆ ಚಾಚುತ್ತದೆ. ದಂಡವನ್ನು ಉಪಕರಣಕ್ಕೆ ಜೋಡಿಸುವ, ಒಂದರೊಳಗೊಂದು ಜಾರುವ ಎರಡು ಕೊಳವೆಗಳ ಹಳೆ ಶಾಫ್ಟನ್ನು ಹಾಗೇ ತುರುಕಿದರೆ ಉಪಕರಣ ಎತ್ತುವಾಗ ಎರಡೂ ಕೊಳವೆ ತಳ ಮುಟ್ಟಿ, ಆ ಒತ್ತಡ ನೇರವಾಗಿ ಪಿಟಿಒ ಬೇರಿಂಗಿಗೆ ಬೀಳುತ್ತದೆ.

ಕಪ್ಲರ್ ಕೂರಿಸಿ ಲಾಕ್ ಪಿನ್ ಹಾಕಿ. ಎಂಜಿನ್ ಬಂದ್ ಮಾಡಿ ಕೀಲಿ ಜೇಬಿಗಿಟ್ಟುಕೊಂಡು ಹಿಂದಿನಿಂದ ನೋಡುತ್ತ ಕಪ್ಲರ್‌ನ ಹೊರಭಾಗವನ್ನು ಕೈಯಿಂದ ತಿರುಗಿಸಿ. ಮಾನಕ ಪಿಟಿಒ ಹಿಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಹಾಗಾಗಿ ಕಪ್ಲರ್ ಆ ದಿಕ್ಕಿಗೆ ಸಲೀಸಾಗಿ ತಿರುಗಬೇಕು, ವಿರುದ್ಧ ದಿಕ್ಕಿಗೆ ಗಟ್ಟಿಯಾಗಿ ಹಿಡಿಯಬೇಕು. ಎರಡೂ ಕಡೆ ತಿರುಗಿದರೆ ಒಳಗಿನ ನಾಲಿಗೆ ಸವೆದಿದೆ, ಎರಡೂ ಕಡೆ ಹಿಡಿದರೆ ತುಕ್ಕು ತಿಂದಿದೆ. ತಿಂಗಳಿಗೊಮ್ಮೆ ಹೀಗೆ ನೋಡಿ, ಗ್ರೀಸ್ ಕೊಡಿ.

ಈಗ ಉಪಕರಣ ಕಟ್ಟಿ ನಿಧಾನವಾಗಿ ಎತ್ತಿ ಇಳಿಸಿ, ಎರಡು ತುದಿಗಳ ಅಂತರ ಅತಿ ಕಡಿಮೆ ಆಗುವ ಮಟ್ಟದಲ್ಲಿ ನಿಲ್ಲಿಸಿ, ಕೆಳಗೆ ಮರದ ದಿಮ್ಮಿ ಕೊಡಿ. ಶಾಫ್ಟಿನ ಎರಡು ಭಾಗ ಬೇರೆ ಮಾಡಿ ತಂತಮ್ಮ ತುದಿಗೆ ಸಿಕ್ಕಿಸಿ, ಅಕ್ಕಪಕ್ಕ ಹಿಡಿದು ಗುರುತು ಹಾಕಿ. ಆ ಸ್ಥಾನದಲ್ಲೂ ಒಳಗಿನ ಕೊಳವೆ ತಳ ಮುಟ್ಟಲು ಕನಿಷ್ಠ 25 ಮಿಮೀ ಬಾಕಿ ಇರಬೇಕು. ಒಳ ಕೊಳವೆ, ಹೊರ ಕೊಳವೆ, ಎರಡರ ಪ್ಲಾಸ್ಟಿಕ್ ಕವಚ, ನಾಲ್ಕನ್ನೂ ಒಂದೇ ಅಳತೆಗೆ ಕತ್ತರಿಸಿ. ಅಂಚನ್ನು ಅರದಿಂದ ಉಜ್ಜಿ, ಲೋಹದ ಪುಡಿ ಒರೆಸಿ, ಗ್ರೀಸ್ ಹಚ್ಚಿ. ಆಮೇಲೆ ಅಂತರ ಅತಿ ಹೆಚ್ಚಾಗುವ ಸ್ಥಾನದಲ್ಲಿ ನೋಡಿ: ಕೊಳವೆಗಳು ಉದ್ದದ ಮೂರನೇ ಒಂದು ಭಾಗವಾದರೂ ಒಂದರೊಳಗೊಂದು ಇರಬೇಕು. ಇಲ್ಲದಿದ್ದರೆ ಕತ್ತರಿಸಿದ್ದು ಹೆಚ್ಚಾಯಿತು, ಹೊಸ ಶಾಫ್ಟೇ ಗತಿ.

ಜೋಡಿಸುವಾಗ ಶಾಫ್ಟಿನ ಒಳಬದಿಯ ಎರಡು ಕವಲುಗಳು ಒಂದೇ ಸಾಲಿಗೆ ಬರಬೇಕು. ಒಂದು ಹಲ್ಲು ತಪ್ಪಿದರೂ ಗಡಗಡ ನಡುಗುತ್ತದೆ, ಕ್ರಾಸ್ ಬೇರಿಂಗ್ ಬೇಗ ಹೋಗುತ್ತದೆ. ರೊಟಾವೇಟರ್‌ನ ಶಿಯರ್ ಬೋಲ್ಟ್, ಅಂದರೆ ಕಲ್ಲು ಸಿಕ್ಕಾಗ ತಾನು ಮುರಿದು ಗಿಯರ್ ಉಳಿಸುವ ಬೋಲ್ಟ್, ಪದೇಪದೇ ಮುರಿಯುತ್ತದೆಂದು ಹೈಟೆನ್ಸಿಲ್ ಬೋಲ್ಟ್ ಹಾಕುವವರಿದ್ದಾರೆ. ಆಮೇಲೆ ಮುರಿಯುವುದು ಗಿಯರ್. ಇನ್ನೊಂದು ಮಾತು: ಕಪ್ಲರ್ ಹಾಕಿದ ಮೇಲೆ ಪಿಟಿಒ ಬಂದ್ ಮಾಡಿದರೂ ಬ್ಲೇಡು ಬಹಳ ಹೊತ್ತು ತಿರುಗುತ್ತಿರುತ್ತದೆ. ಅದು ಕಣ್ಣೆದುರು ಪೂರ್ತಿ ನಿಲ್ಲುವವರೆಗೆ ಸೀಟಿನಿಂದ ಇಳಿಯಬೇಡಿ.

ಹಂತ 5: ಸಿಂಗಲ್ ಕ್ಲಚ್‌ನಲ್ಲಿ ಓಡಿಸುವ ಕ್ರಮ

ನಿಲ್ಲಿಸಬೇಕಾದರೆ ಕ್ಲಚ್ ಒತ್ತಿ, ಗಿಯರ್ ನ್ಯೂಟ್ರಲ್ ಮಾಡಿ, ಕ್ಲಚ್ ಬಿಡಿ. ಆಗ ಪಿಟಿಒ ತಿರುಗುತ್ತದೆ, ಹೈಡ್ರಾಲಿಕ್ಕೂ ನಡೆಯುತ್ತದೆ. ಉಪಕರಣ ಎತ್ತಿ, ಬ್ಲೇಡು ಗಾಳಿಯಲ್ಲಿ ವೇಗ ಹಿಡಿಯಲಿ. ಮತ್ತೆ ಕ್ಲಚ್ ಒತ್ತಿ ಗಿಯರ್ ಹಾಕಿ ಹೊರಟು, ನಡೆಯುತ್ತಲೇ ಇಳಿಸಿ. ಹೂತ ಬ್ಲೇಡಿನ ಮೇಲೆ ಕ್ಲಚ್ ಬಿಡಬೇಡಿ.

ಹಂತ 6: ಕ್ಲಚ್ ಬಿಚ್ಚಿ ಕಟ್ಟುವುದು

ಮೊದಲು ನಿಜಕ್ಕೂ ಜಾರುತ್ತಿದೆಯೇ ನೋಡಿ. ಖಾಲಿ ಜಾಗದಲ್ಲಿ ಬ್ರೇಕ್ ಗಟ್ಟಿ ಒತ್ತಿ, ಮೇಲಿನ ಗಿಯರ್ ಹಾಕಿ, ಕ್ಲಚ್ ಬಿಡಿ. ಎಂಜಿನ್ ಬಂದ್ ಬಿದ್ದರೆ ಗಾಲಿಯ ಕ್ಲಚ್ ಸರಿಯಿದೆ. ಎಂಜಿನ್ ಓಡುತ್ತಲೇ ಇದ್ದರೆ ಜಾರುತ್ತಿದೆ. ಡಬಲ್‌ನಲ್ಲಿ ಪಿಟಿಒ ಪ್ಲೇಟ್ ಜಾರುವುದನ್ನು ಬೇರೆ ನೋಡಬೇಕು: ಭಾರ ಬಿದ್ದಾಗ ಎಂಜಿನ್ ಸದ್ದು ಹಾಗೇ ಇದ್ದು ದಂಡದ ಸುತ್ತು ಕಡಿಮೆಯಾದರೆ ಅದು ಸವೆದಿದೆ. ಕ್ಲಚ್ ಹೌಸಿಂಗಿನ (ಕ್ಲಚ್ ಇರುವ ಕವಚದ) ತಳದ ಸಣ್ಣ ತೂತಿನಿಂದ ತೊಟ್ಟಿಕ್ಕುವ ಎಣ್ಣೆಯನ್ನೂ ನೋಡಿ. ಕಪ್ಪಗೆ ತೆಳ್ಳಗಿದ್ದರೆ ಎಂಜಿನ್ನಿನ ಹಿಂದಿನ ಸೀಲ್ ಹೋಗಿದೆ, ಜೇನಿನಂತೆ ದಪ್ಪಗಿದ್ದರೆ ಗಿಯರ್‌ಬಾಕ್ಸಿನದು. ಸೀಲ್ ಬದಲಿಸದೆ ಪ್ಲೇಟ್ ಬದಲಿಸಿದರೆ ಆರು ತಿಂಗಳಿಗೆ ಮತ್ತೆ ಅದೇ ಕೆಲಸ.

ಗಾಡಿಯನ್ನು ನಡುವೆ ಇಬ್ಭಾಗ ಮಾಡಲು ಸಿಮೆಂಟು ನೆಲ, ಎರಡು ಗಟ್ಟಿ ಸ್ಟ್ಯಾಂಡ್, ಟ್ರಾಲಿ ಜ್ಯಾಕ್ ಬೇಕು. ಬ್ಯಾಟರಿ, ಡೀಸೆಲ್ ಪೈಪ್, ಆಕ್ಸಿಲರೇಟರ್ ಸರಳು, ಸ್ಟೀರಿಂಗ್ ಸರಳು ಬಿಡಿಸಿ. ಹಿಂದಿನ ಗಾಲಿಗೆ ಅಡ್ಡ ಕೊಡಿ. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗಾಡುತ್ತದೆ, ಅದಕ್ಕೆ ಎರಡೂ ಬದಿ ಮರದ ಬೆಣೆ ಹೊಡೆಯದೆ ಒಂದು ಬೋಲ್ಟನ್ನೂ ಸಡಿಲಿಸಬೇಡಿ. ಬೆಣೆ ಇಲ್ಲದಿದ್ದರೆ ಬೇರ್ಪಟ್ಟ ಕೂಡಲೇ ಎಂಜಿನ್ ಪಕ್ಕಕ್ಕೆ ಮಗುಚುತ್ತದೆ.

ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೆ ಪ್ಲೇಟಿನ ಲೈನಿಂಗ್‌ನಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಎಸೆದುಬಿಡಿ.

ಕವರ್ ಮತ್ತು ಫ್ಲೈವ್ಹೀಲ್ ಮೇಲೆ ಪಂಚ್‌ನಿಂದ ಜೋಡಿ ಗುರುತು ಹೊಡೆದು, ಬೋಲ್ಟುಗಳನ್ನು ಸುತ್ತಲೂ ಅರ್ಧರ್ಧ ಸುತ್ತು ಸಡಿಲಿಸಿ. ಡಬಲ್ ಕ್ಲಚ್ ಆದರೆ ಒಳಗಿನ ಸ್ಪ್ರಿಂಗ್‌ಗಳು ಭಾರಿ ಒತ್ತಡದಲ್ಲಿರುತ್ತವೆ. ಸೆಟ್ಟನ್ನು ಬಿಡಿ ಬಿಡಿ ಮಾಡುವ ಮೊದಲು ಮೂರು ಉದ್ದ ಬೋಲ್ಟ್ ಹಾಕಿ ಅದುಮಿ ಹಿಡಿದಿಟ್ಟು, ನಿಧಾನಕ್ಕೆ ಬಿಡಬೇಕು. ಪ್ಲೇಟಿನ ಯಾವ ಮುಖ ಯಾವ ಕಡೆ ಇತ್ತು ಎಂದು ಫೋಟೋ ತೆಗೆದಿಡಿ.

ಲೈನಿಂಗ್ ರಿವೆಟ್ ತಲೆಗಿಂತ ಒಂದು ಮಿಮೀಗಿಂತ ಕಡಿಮೆ ಉಳಿದಿದ್ದರೆ ಪ್ಲೇಟ್ ಬದಲಿಸಿ. ಫ್ಲೈವ್ಹೀಲ್ ಮೇಲೆ ನೀಲಿ ಕಲೆ, ಕೂದಲಿನಂಥ ಬಿರುಕು ಕಂಡರೆ ಲೇತ್‌ಗೆ ಕಳಿಸಿ. ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಎರಡು ಸೀಲ್ ಕಣ್ಣುಮುಚ್ಚಿ ಹೊಸದು ಹಾಕಿ. ಹೊಸ ರಿಲೀಸ್ ಬೇರಿಂಗನ್ನು ಡೀಸೆಲ್‌ನಲ್ಲಿ ತೊಳೆಯಬೇಡಿ, ಒಳಗಿನ ಗ್ರೀಸ್ ತೊಳೆದು ಹೋಗುತ್ತದೆ. ಸಾಮಾನು ತರಲು ಪುಣೆಯ ನಾನಾ ಪೇಟೆಗೋ ಮುಂಬೈಯ ಒಪೆರಾ ಹೌಸ್ ಕಡೆಗೋ ಹೋಗುವಾಗ ಹಳೆ ಪ್ಲೇಟ್ ಚೀಲದಲ್ಲಿರಲಿ. 11 ಇಂಚು ಅಂದರೆ ಸಾಲದು; ನಡುವಿನ ಹಲ್ಲಿನ ಎಣಿಕೆ, ರಂಧ್ರದ ವ್ಯಾಸ, ಹಬ್ಬಿನ ಉಬ್ಬು ಮೂರೂ ಹೊಂದಬೇಕು. ಅಂಗಡಿಯಲ್ಲೇ ಒಂದರ ಮೇಲೊಂದು ಇಟ್ಟು ನೋಡಿ.

ಕಟ್ಟುವಾಗ ಪ್ಲೇಟನ್ನು ನಡುಮಧ್ಯಕ್ಕೆ ತರಲು ಹಳೆ ಇನ್‌ಪುಟ್ ಶಾಫ್ಟ್ ಅಥವಾ ಲೇತ್‌ನಲ್ಲಿ ಕಡೆದ ಮರದ ದಂಡ ಬಳಸಿ. ಡಬಲ್‌ಗೆ ಎರಡು ವ್ಯಾಸದ ಮೆಟ್ಟಿಲಿನ ದಂಡ ಬೇಕು. ರಿಲೀಸ್ ಬೇರಿಂಗ್ ಒತ್ತುವ ಮೂರೂ ಫಿಂಗರ್‌ಗಳ (ಸಣ್ಣ ಸನ್ನೆಗಳ) ಎತ್ತರ ಒಂದೇ ಇರಲಿ. ಒಂದು ಹೆಚ್ಚುಕಡಿಮೆಯಾದರೆ ಕ್ಲಚ್ ಬಿಡುವಾಗ ಗಾಡಿ ನಡುಗುತ್ತದೆ. ಡಬಲ್‌ನಲ್ಲಿ ಪಿಟಿಒ ಹಂತದ ಮೂರು ಹೊಂದಾಣಿಕೆ ಬೋಲ್ಟ್‌ಗಳ ಸಂದು ಮ್ಯಾನ್ಯುಯಲ್ ಹೇಳಿದಷ್ಟೇ ಇರಬೇಕು. ಮಾದರಿಯಿಂದ ಮಾದರಿಗೆ ಅದು ಬೇರೆ, ಆದ್ದರಿಂದ ಮಿಸ್ತ್ರಿಯ ಅಂದಾಜು ಬೇಡ, ಫೀಲರ್ ಗೇಜ್ ಹಾಕಿಸಿ. ಈ ಸಂದು ಹೆಚ್ಚಾದರೆ ಪೆಡಲ್ ತಳ ಮುಟ್ಟಿದರೂ ಪಿಟಿಒ ನಿಲ್ಲುವುದಿಲ್ಲ.

ಎರಡು ಭಾಗ ಸೇರಿಸುವಾಗ ಬೋಲ್ಟ್ ಬಿಗಿದು ಎಳೆಯಲೇಬೇಡಿ. 150 ಮಿಮೀ ಉದ್ದದ ಎರಡು ಗೈಡ್ ಸ್ಟಡ್ ಹಾಕಿ, ಕೈಯಿಂದ ನೂಕಿ. ಹಲ್ಲು ಕೂರದಿದ್ದರೆ ಎಂಜಿನ್ನನ್ನು ಮುಂದಿನಿಂದ ಸ್ವಲ್ಪ ತಿರುಗಿಸಿ. ಡಬಲ್ ಆದರೆ ಪಿಟಿಒ ಲಿವರ್ ಹಾಕಿ ಹಿಂದಿನ ದಂಡವನ್ನು ಕೈಯಿಂದ ತಿರುಗಿಸಿದಾಗ ಅದರ ಪ್ಲೇಟಿನ ಹಲ್ಲು ಸಿಗುತ್ತದೆ. ಗಿಯರ್ ಹಾಕಿ, ಎತ್ತಿದ ಹಿಂದಿನ ಗಾಲಿ ತಿರುಗಿಸಿದಾಗ ಇನ್ನೊಂದರದ್ದು. ಸಂದು ಪೂರ್ತಿ ಮುಚ್ಚಿದ ಮೇಲೆಯೇ ಬೋಲ್ಟ್. ಕೊನೆಯ ಒಂದು ಸೆಂಟಿಮೀಟರನ್ನು ಬೋಲ್ಟ್‌ನಿಂದ ಎಳೆದರೆ ಹೊಸ ಪ್ಲೇಟಿನ ಹಬ್ ಬಾಗುತ್ತದೆ, ಕೆಲವೊಮ್ಮೆ ಹೌಸಿಂಗೇ ಸೀಳುತ್ತದೆ.

ಹಂತ 7: ಪೆಡಲ್ಲಿನ ಆಟ, ಮತ್ತು ಮಳೆಗಾಲ

ಮ್ಯಾನ್ಯುಯಲ್ ಸಿಗದಿದ್ದರೆ ಪೆಡಲ್ಲಿನ ತುದಿಯಲ್ಲಿ 20–25 ಮಿಮೀ ಖಾಲಿ ಚಲನೆ ಇಟ್ಟುಕೊಳ್ಳಿ. ಹೊಸ ಪ್ಲೇಟ್ ಕೂರುತ್ತಿದ್ದಂತೆ ಈ ಆಟ ಕಡಿಮೆಯಾಗುತ್ತದೆ, ಆದ್ದರಿಂದ ಮೊದಲ 10 ಗಂಟೆಯ ಕೆಲಸದ ಮೇಲೊಮ್ಮೆ, ಆಮೇಲೆ 50 ಗಂಟೆಗೊಮ್ಮೆ ಅಳೆಯಿರಿ. ಆಟವೇ ಇಲ್ಲದಿದ್ದರೆ ರಿಲೀಸ್ ಬೇರಿಂಗ್ ಸದಾ ತಿರುಗಿ ಸುಡುತ್ತದೆ. ಪೆಡಲ್ ಮೇಲೆ ಕಾಲಿಟ್ಟೇ ಓಡಿಸುವ ಡ್ರೈವರ್ ಇದ್ದರೂ ಅದೇ ಗತಿ.

ಗೋವಾದಲ್ಲಿ, ಕೊಂಕಣದಲ್ಲಿ ಭತ್ತದ ಗದ್ದೆಯ ಕೆಸರಿಗೆ ಇಳಿಸುವವರು ಹೌಸಿಂಗಿನ ತಳದ ತೂತಿನ ಬಗ್ಗೆ ಎಚ್ಚರ ವಹಿಸಿ. ಕೆಲವು ಗಾಡಿಗಳಲ್ಲಿ ಅದರಲ್ಲಿ ಒಂದು ಸ್ಪ್ಲಿಟ್ ಪಿನ್ ಅಲ್ಲಾಡುತ್ತ ಕೆಸರು ಕಟ್ಟದಂತೆ ನೋಡಿಕೊಳ್ಳುತ್ತದೆ. ಅದು ಬಿದ್ದುಹೋಗಿದ್ದರೆ ಹೊಸದು ಹಾಕಿ. ತೂತು ಮುಚ್ಚಿಕೊಂಡರೆ ಒಳಹೋದ ನೀರು ಹೊರಬರದೆ ಪ್ಲೇಟ್ ತುಕ್ಕು ಹಿಡಿದು ಫ್ಲೈವ್ಹೀಲಿಗೆ ಅಂಟುತ್ತದೆ, ಹಂಗಾಮಿನ ಮೊದಲ ದಿನ ಗಿಯರೇ ಬೀಳುವುದಿಲ್ಲ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪೆಡಲ್ ಪೂರ್ತಿ ಒತ್ತಿ, ಪೆಡಲ್ಲಿಗೂ ಸೀಟಿನ ಕೆಳಗಿನ ಚೌಕಟ್ಟಿಗೂ ನಡುವೆ ಅಳತೆಗೆ ಕತ್ತರಿಸಿದ ಕೋಲು ಕೊಟ್ಟು ಬಿಡಿ. ಹೊರಡಿಸುವ ದಿನ ಆ ಕೋಲು ತೆಗೆಯಲು ಮರೆಯದ ಹಾಗೆ ಸ್ಟೀರಿಂಗಿಗೆ ಒಂದು ಕೆಂಪು ಬಟ್ಟೆ ಕಟ್ಟಿಡಿ.